ಮನೆ ಯಾರ ಕೈಗೆ ಕೊಟ್ಟು ಬಂದ್ರಿ?

ದೀಪಾವಳಿ ಮುಗಿದು ರಸ್ತೆ ಒಣಗಿತು ಅಂದರೆ ನಮ್ಮ ಕುಮಟಾ ಹೆದ್ದಾರಿಯಲ್ಲಿ ಹೊಸ ಮುಖಗಳು ಶುರು. ತಲೆಗೆ ಹೆಲ್ಮೆಟ್ಟು, ಮೈಗಂಟಿದ ಬಣ್ಣದ ಅಂಗಿ, ಸೈಕಲ್ಲಿನ ಹಿಂದೆ ಎರಡೂ ಬದಿಗೆ ಜೋತುಬಿದ್ದ ಚೀಲ. ಮುಂಬೈ, ಪುಣೆ ಕಡೆಯಿಂದ ಹೊರಟು ಗೋವಾ, ಕಾರವಾರ, ಅಂಕೋಲಾ ದಾಟಿ ಬಂದವರು. ಹೆಚ್ಚಿನವರಿಗೆ ಕನ್ಯಾಕುಮಾರಿಯೇ ಗುರಿ. ಪನ್ವೇಲಿನಿಂದ ಕನ್ಯಾಕುಮಾರಿಗೆ ಹೋಗುವ ಈ ರಾಷ್ಟ್ರೀಯ ಹೆದ್ದಾರಿ 66 ಸುಮಾರು 1,600 ಕಿ.ಮೀ. ಉದ್ದ. ನಮ್ಮ ಕಡೆಯ ಹಿರಿಯರು ಮಾತ್ರ ಅದನ್ನು ಇನ್ನೂ ‘ಹದಿನೇಳು’ ಅಂತಲೇ ಕರೆಯುವುದು.

ಇವರು ಚಾ ಅಂಗಡಿ ಮುಂದೆ ಸೈಕಲ್ ನಿಲ್ಲಿಸಿದರೆ ಸಾಕು, ಸುತ್ತ ನಾಲ್ಕು ಜನ ಸೇರುತ್ತಾರೆ. ಗೇರು ಎಷ್ಟು? ದಿನಕ್ಕೆ ಎಷ್ಟು ಕಿಲೋಮೀಟರು? ರೇಟೆಷ್ಟು? ನಮ್ಮ ಮನೆಯವರೂ ಅದೇ ಗುಂಪಿನವರೇ. ನನಗೆ ಕೇಳಬೇಕು ಅನ್ನಿಸುವ ಪ್ರಶ್ನೆ ಬೇರೆ. ಹೋದ ವರ್ಷ ಪುಣೆಯ ಗಂಡ ಹೆಂಡತಿ ನಮ್ಮ ಗೇಟಿನ ಹತ್ತಿರ ನೀರಿಗೆ ನಿಂತಾಗ ಆ ಹೆಂಗಸನ್ನು ಕೇಳಿಯೇಬಿಟ್ಟೆ. ನನ್ನ ಹರಕುಮುರುಕು ಹಿಂದಿಯಲ್ಲಿ, “ಮನೆ ಯಾರ ಕೈಗೆ ಕೊಟ್ಟು ಬಂದ್ರಿ?”

ಆಕೆ ಬಾಟಲಿ ಕೆಳಗಿಟ್ಟು ನಕ್ಕಳು. “ಹೊರಟು ಹತ್ತು ದಿನವಾಯಿತು, ಇದನ್ನು ಕೇಳಿದ್ದು ನೀವೊಬ್ಬರೇ” ಅಂದಳು. ಅಪ್ಪನಿಗೆ ಎಂಬತ್ತಾರು ವರ್ಷವಂತೆ. ತಂಗಿ ನಾಗಪುರದಿಂದ ಬಂದು ಒಂದು ತಿಂಗಳು ಇರುತ್ತಾಳಂತೆ. ಮುಂದಿನ ವರ್ಷ ತಂಗಿ ಎಲ್ಲಿಗೋ ಹೋಗುವಾಗ ಇವಳು ಅಲ್ಲಿಗೆ. ಹಾಗಂತ ಅಕ್ಕತಂಗಿಯರ ಕರಾರು.

‘ಎಲ್ಲಾ ಬಿಟ್ಟು ಹೊರಟೇಬಿಟ್ಟರು’ ಅಂತ ಪತ್ರಿಕೆಯಲ್ಲಿ ಓದುತ್ತೇವಲ್ಲ, ಆ ‘ಎಲ್ಲಾ’ ಅನ್ನುವುದನ್ನು ಹಿಂದೆ ಯಾರೋ ಹಿಡಿದುಕೊಂಡಿರುತ್ತಾರೆ. ಆ ಯಾರೋ ಬಗ್ಗೆ ಒಂದು ಸಾಲೂ ಇರುವುದಿಲ್ಲ.

ಐರ್ಲೆಂಡಿನ ಡರ್ವ್ಲಾ ಮರ್ಫಿ ಹೆಸರು ನಿಮ್ಮಲ್ಲಿ ಕೆಲವರು ಕೇಳಿರಬಹುದು. 1931ರಲ್ಲಿ ಹುಟ್ಟಿದವರು. ಹತ್ತನೇ ಹುಟ್ಟುಹಬ್ಬಕ್ಕೆ ಮನೆಯವರು ಒಂದು ಹಳೇ ಸೈಕಲ್ಲನ್ನೂ ಒಂದು ಭೂಪಟದ ಪುಸ್ತಕವನ್ನೂ ಕೊಟ್ಟರು. ಸೈಕಲ್ಲಿನಲ್ಲೇ ಭಾರತಕ್ಕೆ ಹೋಗುತ್ತೇನೆ ಅಂತ ಹುಡುಗಿ ಆಗಲೇ ತೀರ್ಮಾನ ಮಾಡಿದಳು. ಆದರೆ ಹೊರಟದ್ದು 1963ರ ಜನವರಿಯಲ್ಲಿ. ನಡುವಿನ ಇಪ್ಪತ್ತೊಂದು ವರ್ಷ ಎಲ್ಲಿ ಹೋಯಿತು? ಅಮ್ಮನಿಗೆ ಕೀಲುವಾತ. ಹದಿನಾಲ್ಕಕ್ಕೆ ಶಾಲೆ ಬಿಟ್ಟು ಅಮ್ಮನನ್ನು ನೋಡಿಕೊಳ್ಳಲು ನಿಂತವರು, 1962ರಲ್ಲಿ ಅಮ್ಮ ತೀರಿಕೊಂಡ ಮೇಲೆಯೇ ಹೊರಟರು. ಯುರೋಪು, ಇರಾನ್, ಅಫ್ಘಾನಿಸ್ತಾನ, ಪಾಕಿಸ್ತಾನ ದಾಟಿ ಅದೇ ವರ್ಷ ಜುಲೈನಲ್ಲಿ ದಿಲ್ಲಿ ಮುಟ್ಟಿದರು. ಹತ್ತು ವರ್ಷದ ಮೇಲೆ ಐದು ವರ್ಷದ ಮಗಳ ಕೈ ಹಿಡಿದು ನಮ್ಮ ಕೊಡಗಿಗೂ ಬಂದು ಒಂದು ಪುಸ್ತಕ ಬರೆದರು. ಆ ಹೊತ್ತಿಗೆ ಮಗುವನ್ನು ಹಿಂದೆ ಬಿಡುವ ಬದಲು ಜೊತೆಗೇ ಕರೆದುಕೊಂಡು ಹೊರಡುವುದನ್ನು ಕಲಿತಿದ್ದರು.

ಇನ್ನು ನಮ್ಮ ಬೊಂಬಾಯಿಯ ಪಾರ್ಸಿ ಹುಡುಗರ ಕಥೆ. 1923ರ ಅಕ್ಟೋಬರಿನಲ್ಲಿ ಆರು ಜನ ಸೈಕಲ್ಲಿನಲ್ಲಿ ಲೋಕ ಸುತ್ತಲು ಹೊರಟರು. 1928ರ ಮಾರ್ಚಿನಲ್ಲಿ ಸುತ್ತು ಮುಗಿಸಿ ಬಂದವರು ಮೂವರು: ಆದಿ ಹಕೀಮ್, ಜಾಲ್ ಬಾಪಾಸೋಲಾ, ರುಸ್ತುಂ ಭೂಮ್ಗರಾ. ನಾಲ್ಕೂವರೆ ವರ್ಷ! ಆ ಆರು ಮನೆಗಳಲ್ಲಿ ಅಷ್ಟೂ ಕಾಲ ಅಂಚೆಯವನ ದಾರಿ ಕಾಯುತ್ತಾ ಕೂತ ತಾಯಂದಿರನ್ನು ನೆನೆದರೆ ನನಗೆ ಮರುಭೂಮಿ ದಾಟಿದ್ದಕ್ಕಿಂತ ಅದೇ ದೊಡ್ಡದಾಗಿ ಕಾಣುತ್ತದೆ.

ಇಷ್ಟೆಲ್ಲಾ ಪೀಠಿಕೆ ಏಕೆಂದರೆ, ಈ ಜನವರಿಯಲ್ಲಿ ನಾನೂ ಹೊರಟಿದ್ದೆ. ಭಟ್ಕಳದಿಂದ ಕುಮಟಾಕ್ಕೆ, ಎರಡು ದಿನ, ಸುತ್ತುಬಳಸೆಲ್ಲಾ ಸೇರಿ ಅರವತ್ತು ಚಿಲ್ಲರೆ ಕಿಲೋಮೀಟರು. ನಗಬೇಡಿ. ಪುಣೆಯ ಹುಡುಗರು ಅಷ್ಟನ್ನು ಮಧ್ಯಾಹ್ನದ ಊಟದೊಳಗೆ ಮುಗಿಸುತ್ತಾರೆ, ಗೊತ್ತು. ದೂರದ ಸೈಕಲ್ ಸವಾರಿಯಲ್ಲಿ ‘ಬ್ರೆವೆ’ ಅಂತ ಒಂದಿದೆ. ಅದರಲ್ಲಿ 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 600 ಕಿ.ಮೀ.ಗೆ 40 ಗಂಟೆ ಗಡುವು. ನನ್ನ ಗಡುವು ಬೇರೆ. ಪಾರ್ಶ್ವವಾಯು ಬಡಿದು ಬಲಗೈ ಬಲಗಾಲು ಸೋತ ಅತ್ತೆ ಮನೆಯಲ್ಲಿದ್ದಾರೆ. ನಾಲ್ಕು ವರ್ಷದಿಂದ ಒಂದು ರಾತ್ರಿಯೂ ನಾನು ಹೊರಗೆ ಮಲಗಿರಲಿಲ್ಲ.

ಸೈಕಲ್ಲು ಹೊಸದಲ್ಲ. 2006-07ರಲ್ಲಿ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿತ್ತಲ್ಲ, ಹಾಗೆ ಮಗಳಿಗೆ ಸಿಕ್ಕಿದ್ದು. ಅವಳು ಹತ್ತನೇ ತರಗತಿವರೆಗೆ ತುಳಿದಳು. ಕಾಲೇಜಿಗೆ ಬಸ್ಸು, ಆಮೇಲೆ ಸ್ಕೂಟಿ, ಆಮೇಲೆ ಬೆಂಗಳೂರು. ನಮ್ಮ ಊರಿನ ಎಷ್ಟು ಮನೆಗಳ ಕೊಟ್ಟಿಗೆಯಲ್ಲಿ ಹೀಗೆ ಹುಡುಗಿಯರ ಸೈಕಲ್ಲು ತೆಂಗಿನಕಾಯಿ ರಾಶಿಯ ಹಿಂದೆ ನಿಂತಿದೆಯೋ! ಹೊರಗೆ ತೆಗೆದು ಅಂಗಡಿಗೆ ಒಯ್ದೆ. “ಅಕ್ಕೋರೆ, ಬಾಡಿ ಗಟ್ಟಿ ಇದೆ, ಉಳಿದದ್ದೆಲ್ಲ ಹೋಗಿದೆ” ಅಂದ ಅಂಗಡಿಯವ. ಟಯರು, ಟ್ಯೂಬು, ಚೈನು, ಬ್ರೇಕು ಎಲ್ಲಾ ಹೊಸತು ಹಾಕಿಸಿದೆ. ಸೀಟನ್ನು ಅವನೇ ಎತ್ತರಿಸಿಕೊಟ್ಟ. ಪೆಡಲ್ಲು ಪೂರ್ತಿ ಕೆಳಗಿದ್ದಾಗ ಕಾಲು ಹೆಚ್ಚುಕಡಿಮೆ ನೆಟ್ಟಗಾಗಬೇಕಂತೆ. ಸೀಟು ತಗ್ಗಿದ್ದರೆ ಮಂಡಿ ನೋವು ಗ್ಯಾರಂಟಿ.

ಎರಡು ತಿಂಗಳ ತಯಾರಿ. ಕಾಲಿಗೂ, ಮನೆಗೂ. ಬೆಳಿಗ್ಗೆ ಶಾಲೆಗೆ ಹೋಗುವ ಮೊದಲು ನಾನು ಐದು ಕಿಲೋಮೀಟರಿಂದ ಶುರು ಮಾಡಿ ಹದಿನೈದಕ್ಕೆ ಬಂದೆ. ಅದೇ ಹೊತ್ತಿಗೆ ಇವರು ವಾರಕ್ಕೊಂದು ಕೆಲಸ ಕಲಿತರು. ಮೊದಲ ವಾರ ಮಾತ್ರೆಗಳು: ಬಿಪಿಯದ್ದು ಯಾವುದು, ರಕ್ತ ತೆಳು ಮಾಡುವುದು ಯಾವುದು, ಊಟಕ್ಕೆ ಮೊದಲೋ ಆಮೇಲೋ. ಎರಡನೇ ವಾರ ಗಂಜಿ: ಎಷ್ಟು ನುಣ್ಣಗಿದ್ದರೆ ಗಂಟಲಲ್ಲಿ ನಿಲ್ಲುವುದಿಲ್ಲ. ಮೂರನೇ ವಾರ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು. ಇಲ್ಲದಿದ್ದರೆ ಬೆನ್ನಿನಲ್ಲಿ ಹುಣ್ಣಾಗುತ್ತದೆ. ನಾಲ್ಕನೇ ವಾರದ ಕೆಲಸಕ್ಕೆ ಬಂದಾಗ ಇಬ್ಬರೂ ಸುಮ್ಮನಾದರು. ಮೈ ಒರೆಸಿ ಬಟ್ಟೆ ಬದಲಿಸುವುದು. ಮಗನ ಕೈಯಲ್ಲಿ ಅದನ್ನು ಮಾಡಿಸಿಕೊಳ್ಳಲು ಅತ್ತೆಗೆ ಮುಜುಗರ, ಇವರಿಗೆ ಅದಕ್ಕಿಂತ ಹೆಚ್ಚು. ಬಲವಂತ ಮಾಡುವ ವಿಷಯವಲ್ಲ ಅದು. ಕೊನೆಗೆ ಪಕ್ಕದ ಕೇರಿಯ ಒಬ್ಬರು ಬೆಳಿಗ್ಗೆ ಸಂಜೆ ಬರಲು ಒಪ್ಪಿದರು, ದುಡ್ಡಿಗೆ. ನಾಲ್ಕು ವರ್ಷ ನಮ್ಮ ಮನೆಯಲ್ಲಿ ಯಾರಿಗೂ ಹೊಳೆಯದ ಏರ್ಪಾಟು, ಒಂದು ಸೈಕಲ್ಲಿನ ನೆಪದಲ್ಲಿ ಆಯಿತು ನೋಡಿ.

ಹೊರಡುವ ಹಿಂದಿನ ದಿನ ಅತ್ತೆ ಕರೆದರು. ಮಾತು ಸ್ವಲ್ಪ ತೊದಲುತ್ತದೆ, ನನಗೆ ಅರ್ಥವಾಗುತ್ತದೆ. “ಮಂಕಿಲಿ ನಮ್ಮನೆ ಬಾವಿ ಇದ್ಯಾ ನೋಡ್ಕಂಡ್ ಬಾ” ಅಂದರು. ಅವರ ತವರು ಮಂಕಿ. ಶರಾವತಿಗೆ ಸೇತುವೆ ಇಲ್ಲದ ಕಾಲದಲ್ಲಿ ದೋಣಿ ದಾಟಿ ಈ ಕಡೆ ಮದುವೆಯಾಗಿ ಬಂದವರು. ಅಣ್ಣಂದಿರ ಮಕ್ಕಳೆಲ್ಲ ಮುಂಬೈ ಸೇರಿದ ಮೇಲೆ ಆ ಕಡೆ ಹೋಗುವುದೇ ನಿಂತಿತ್ತು. ಕಾರಿನಲ್ಲಿ, ಬಸ್ಸಿನಲ್ಲಿ ನಾವೆಷ್ಟು ಸಲ ಆ ದಾರಿಯಲ್ಲಿ ಓಡಾಡಿದ್ದೇವೋ, ಒಂದು ಸಲವೂ ಇಳಿದಿರಲಿಲ್ಲ.

ಪರಿಚಯದವರ ಟೆಂಪೋದಲ್ಲಿ ಸೈಕಲ್ ಹಾಕಿಕೊಂಡು ಬೆಳಗಿನ ಜಾವ ಭಟ್ಕಳದಲ್ಲಿ ಇಳಿದೆ. ಮಲ್ಲಿಗೆಗೆ ಹೆಸರಾದ ಊರು. ಬೆಳಗಿನ ಗಾಳಿ ಘಟ್ಟದ ಕಡೆಯಿಂದ ತಣ್ಣಗೆ ಬರುತ್ತಿತ್ತು. ವೆಂಕಟಾಪುರ ಹೊಳೆ, ಶಿರಾಲಿ ದಾಟುವವರೆಗೆ ಸುಖವೋ ಸುಖ. ಮುರುಡೇಶ್ವರದ ತಿರುವಿನಲ್ಲಿ ಚಾ ಕುಡಿಯುವಾಗ ಅಂಗಡಿಯಾಕೆ, “ಎಲ್ಲಿಗೆ ಹೊಂಟ್ರಿ ಅಕ್ಕಾ?” ಅಂದಳು. ಕುಮಟಾ ಅಂದೆ. “ಎಂತಕ್ಕೆ? ಬಸ್ಸಿತ್ತಲ್ಲಾ!” ಆಕೆಯ ಮುಖದಲ್ಲಿ ನಿಜವಾದ ಕಾಳಜಿ. ಬಿಸಿ ಬನ್ಸ್ ಎರಡು ಕಟ್ಟಿಕೊಟ್ಟಳು, ದುಡ್ಡು ಒಂದಕ್ಕೇ ತಗೊಂಡಳು.

ನಮ್ಮ ಕರಾವಳಿ ರಸ್ತೆ ನಕ್ಷೆಯಲ್ಲಿ ನೋಡಿದರೆ ಸಮುದ್ರದ ಪಕ್ಕ ಸಪಾಟು. ತುಳಿದರೆ ಗೊತ್ತಾಗುತ್ತದೆ, ಘಟ್ಟದ ಬೆರಳುಗಳು ಸಮುದ್ರದವರೆಗೂ ಚಾಚಿಕೊಂಡಿವೆ. ಏರು, ಇಳಿಜಾರು, ಒಂದು ಹೊಳೆ, ಮತ್ತೆ ಏರು. ಗೇರಿಲ್ಲದ ಸೈಕಲ್ಲಿಗೆ ಏರಿನಲ್ಲಿ ಇಳಿದು ತಳ್ಳುವುದೇ ಗೇರು. ಹತ್ತು ಗಂಟೆ ದಾಟಿದ ಮೇಲೆ ಸಮುದ್ರದ ಗಾಳಿ ಏಳುತ್ತದೆ, ವಾಯವ್ಯದಿಂದ, ಉತ್ತರಕ್ಕೆ ಹೊರಟವರ ಮುಖಕ್ಕೇ. ಪುಣೆಯವರೆಲ್ಲ ಉತ್ತರದಿಂದ ದಕ್ಷಿಣಕ್ಕೆ ಏಕೆ ಹೋಗುತ್ತಾರೆ ಅಂತ ಮಂಕಿ ಹತ್ತಿರ ಬರುವಾಗ ನನ್ನ ತೊಡೆಗಳು ಹೇಳಿದವು.

ಮಂಕಿಯಲ್ಲಿ ಹೆದ್ದಾರಿ ಬಿಟ್ಟು ಒಳಗಿಳಿದೆ. ಕಾರಿಗೆ ಆಗದ ಓಣಿ, ಚಿರೆಕಲ್ಲಿನ ಪಾಗಾರ. ಅತ್ತೆ ಹೇಳಿದ ಗುರುತು ಅರ್ಧ ಇತ್ತು, ಅರ್ಧ ಇರಲಿಲ್ಲ. ಅಶ್ವತ್ಥಕಟ್ಟೆ ಇದೆ, ಗದ್ದೆ ಇದ್ದ ಜಾಗದಲ್ಲಿ ಎರಡು ತಾರಸಿ ಮನೆ. ನಾಲ್ಕು ಕಡೆ ಕೇಳಿ ಹೋದೆ. ಮನೆಯ ಅರ್ಧ ಹಂಚು ಕುಸಿದಿದೆ. ಬಾವಿ ಇದೆ! ತೋಟ ನೋಡಿಕೊಳ್ಳುವ ಹೆಂಗಸು ಒಂದು ಕೊಡ ನೀರು ಸೇದಿ ನನ್ನ ಕೈಗೂ ಕಾಲಿಗೂ ಹೊಯ್ದಳು. ಅಲ್ಲಿಂದಲೇ ಇವರಿಗೆ ವಿಡಿಯೋ ಕಾಲ್ ಮಾಡಿದೆ. ಇವರು ಫೋನನ್ನು ಅತ್ತೆಯ ಮುಖದ ಹತ್ತಿರ ಹಿಡಿದರು. ಅತ್ತೆ ಅಳುತ್ತಾರೇನೋ ಅಂದುಕೊಂಡಿದ್ದೆ. ತುಂಬಾ ಹೊತ್ತು ನೋಡಿ, “ರಾಟೆ ಬದ್ಲಿಸಿದ್ರು” ಅಂದರು. ಆಮೇಲೆ ಬಾವಿಯೊಳಗೆ ತೋರಿಸು ಅಂದರು. ತೋರಿಸಿದೆ. ನೀರು ಎಷ್ಟು ಮೆಟ್ಟಿಲು ಕೆಳಗಿದೆ ಅಂತ ಎಣಿಸಲು ಹೇಳಿದರು. ಎಣಿಸಿದೆ.

ಸಂಜೆ ಶರಾವತಿ ಸೇತುವೆ. ಲಾರಿಗಳು ಪಕ್ಕದಲ್ಲೇ ಹೋಗುವಾಗ ಹ್ಯಾಂಡಲ್ಲು ನಡುಗುತ್ತದೆ. ಆದ್ದರಿಂದ ಸೇತುವೆಯ ಮೇಲೆ ಎರಡೂ ಕೈ ಬಿಗಿ, ಕಣ್ಣು ಮುಂದೆ. ದಾಟಿದ ಮೇಲೆ ನಿಂತು ನೋಡಿದೆ. ಪೂರ್ವಕ್ಕೆ ಕೊಂಕಣ ರೈಲಿನ ಎರಡು ಕಿಲೋಮೀಟರು ಮೀರಿದ ಸೇತುವೆ, ಪಶ್ಚಿಮಕ್ಕೆ ಹೊಳೆ ಸಮುದ್ರ ಸೇರುವ ಅಳಿವೆ. ಹೊನ್ನಾವರದಲ್ಲಿ ಟಿಸಿಎಚ್ ಓದುವಾಗಿನ ಗೆಳತಿಯ ಮನೆಯಲ್ಲಿ ಊಟ, ನಿದ್ದೆ. ಅಭ್ಯಾಸಬಲ, ಮೂರು ಗಂಟೆಗೆ ಎಚ್ಚರವಾಯಿತು. ಅತ್ತೆ ನೀರು ಕೇಳುವ ಹೊತ್ತು ಅದು. ಫೋನು ಮಾಡಲೋ ಬೇಡವೋ ಅಂತ ಕತ್ತಲಲ್ಲಿ ಕೂತೆ. ಮಾಡಲಿಲ್ಲ. ಸ್ವಲ್ಪ ಹೊತ್ತಿಗೆ ಇವರದ್ದೇ ಮೆಸೇಜು ಬಂತು: “ಕರೆದರು. ನೀರು ಕೊಟ್ಟೆ. ಮಲಗಿದರು.” ಅಷ್ಟು ಗಾಢವಾಗಿ ನಾನು ಎಷ್ಟು ಕಾಲದಿಂದ ನಿದ್ದೆ ಮಾಡಿರಲಿಲ್ಲವೋ!

ಮರುದಿನ ಕರ್ಕಿ, ಹಳದೀಪುರ, ಧಾರೇಶ್ವರ. ಇಪ್ಪತ್ತೇ ಕಿಲೋಮೀಟರು. ಕುಮಟಾ ಹತ್ತಿರವಾದಂತೆ ಈರುಳ್ಳಿ ಗದ್ದೆಗಳ ಹಸಿರು. ಬೇಸಿಗೆಯಲ್ಲಿ ರಸ್ತೆ ಬದಿ ಜಡೆ ಹೆಣೆದು ತೂಗುಹಾಕುತ್ತಾರಲ್ಲ, ಆ ಸಿಹಿ ಈರುಳ್ಳಿ. ಮಧ್ಯಾಹ್ನದ ಗಂಜಿ ಹೊತ್ತಿಗೆ ಮನೆ ಸೇರಿದೆ. ಮನೆ ಇದ್ದ ಹಾಗೇ ಇತ್ತು. ಮಾತ್ರೆ ಡಬ್ಬಿ ಮಾತ್ರ ಇವರ ಲೆಕ್ಕದ ಪ್ರಕಾರ ಬೇರೆ ಕಪಾಟಿಗೆ ಹೋಗಿತ್ತು. ಈಗಲೂ ಅಲ್ಲೇ ಇದೆ. ಸಹಾಯಕ್ಕೆ ಬರುವಾಕೆಯೂ ಮುಂದುವರಿದಿದ್ದಾಳೆ. ರಾತ್ರಿ ಮೂರು ಗಂಟೆಯ ಕರೆಗೆ ಒಂದು ದಿನ ನಾನು, ಒಂದು ದಿನ ಇವರು.

ನಿಮ್ಮಲ್ಲಿ ಯಾರಿಗಾದರೂ ಹೊರಡುವ ಮನಸ್ಸಿದ್ದರೆ, ಈ ವಯಸ್ಸಿಗೆ ಇದೆಲ್ಲಾ ಬೇಕಾ ಅನ್ನುವವರ ಮಾತು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡಿ. ಬೆಳಕು ಹರಿಯುವಾಗ ಹೊರಡಿ, ಹನ್ನೊಂದರೊಳಗೆ ಹೆಚ್ಚಿನ ದಾರಿ ಮುಗಿಸಿ. ಚೀಲ ಬೆನ್ನಿಗೆ ಬೇಡ, ಕ್ಯಾರಿಯರಿಗೆ ಕಟ್ಟಿ. ಹಿಂದಕ್ಕೆ ಕೆಂಪು ದೀಪ, ಮೈಮೇಲೆ ಕಣ್ಣಿಗೆ ಹೊಡೆಯುವ ಬಣ್ಣ. ಒಂದು ಟ್ಯೂಬು, ಒಂದು ಸಣ್ಣ ಪಂಪು. ಬೆವರಿಗೆ ಬರೀ ನೀರು ಸಾಲದು, ಚಿಟಿಕೆ ಉಪ್ಪು ಬೆರೆಸಿದ ಮುರುಗಲ ಹಣ್ಣಿನ ಪಾನಕ ಒಳ್ಳೆಯದು. ಹೆಂಗಸರಿಗೆ ದೊಡ್ಡ ಚಿಂತೆ ಶೌಚಾಲಯದ್ದು. ಪೆಟ್ರೋಲ್ ಬಂಕುಗಳ ಲೆಕ್ಕ ಮೊದಲೇ ಹಾಕಿಕೊಳ್ಳಿ, ನೀರು ಕುಡಿಯುವುದನ್ನು ಮಾತ್ರ ಕಡಿಮೆ ಮಾಡಬೇಡಿ. ಮನೆಗೆಲಸದ ಪಟ್ಟಿ ಗೋಡೆಗೆ ಅಂಟಿಸಿ ಹೋದರೆ ಸಾಲದು. ನೀವು ಊರಲ್ಲಿರುವಾಗಲೇ ಬೇರೆಯವರು ಅದನ್ನು ಮಾಡಿ ಕಲಿಯಲಿ, ನೀವು ಬಾಯಿ ಹಾಕದೆ ನೋಡಿ. ಏರು ಹತ್ತುವುದಕ್ಕಿಂತ ಅದೇ ಕಷ್ಟ.

ಮುಂದಿನ ಡಿಸೆಂಬರಿಗೆ ಇವರ ಸರದಿ. ಕುಮಟಾದಿಂದ ಭಟ್ಕಳ ದಾಟಿ ಕೊಲ್ಲೂರಿಗೆ, ಗಾಳಿ ಬೆನ್ನಿಗೆ. ಅದೇ ಸೈಕಲ್ಲು, ಸೀಟು ಎರಡು ಇಂಚು ಮೇಲೆ. ಅತ್ತೆ ಈಗಲೇ ಹೇಳಿಯಾಗಿದೆ, ಹೋಗುವಾಗ ಮಂಕಿಯಲ್ಲಿ ಇಳಿದು ಬಾವಿಯ ನೀರು ಎಷ್ಟನೇ ಮೆಟ್ಟಿಲಿಗಿದೆ ಅಂತ ನೋಡಬೇಕಂತೆ.