ಟೆಂಡರ್ ಕೊಠಡಿಯಲ್ಲಿ ನಿರ್ಧಾರವಾಗುವ ಅಭಿವೃದ್ಧಿ

ವಿಶ್ವಬ್ಯಾಂಕ್, ಏಷ್ಯಾ ಅಭಿವೃದ್ಧಿ ಬ್ಯಾಂಕ್, ಜಪಾನಿನ ಜೈಕಾ ಮುಂತಾದ ಸಂಸ್ಥೆಗಳಿಂದ ಕರ್ನಾಟಕ ಪಡೆಯುವ ಸಾಲಗಳ ಕುರಿತ ಸಾರ್ವಜನಿಕ ಚರ್ಚೆ ಸಾಮಾನ್ಯವಾಗಿ ಎರಡು ಸಂದರ್ಭಗಳಲ್ಲಿ ಮಾತ್ರ ಕಾವೇರುತ್ತದೆ. ಒಪ್ಪಂದಕ್ಕೆ ಸಹಿ ಬಿದ್ದಾಗ ಮೊತ್ತ ಮತ್ತು ಷರತ್ತುಗಳ ಬಗ್ಗೆ ಮಾತು ನಡೆಯುತ್ತದೆ. ಕಾಮಗಾರಿ ಅರ್ಧಕ್ಕೆ ನಿಂತಾಗ ವಿಳಂಬದ ಬಗ್ಗೆ ಆಕ್ರೋಶ ವ್ಯಕ್ತವಾಗುತ್ತದೆ. ಇವೆರಡರ ನಡುವಣ ವರ್ಷಗಳಲ್ಲಿ ಯೋಜನಾ ಕಚೇರಿಯೊಳಗೆ ನಡೆಯುವ ದುಡಿಮೆ, ಅಂದರೆ ಖರೀದಿಯ ವೇಳಾಪಟ್ಟಿ ಸಿದ್ಧಪಡಿಸುವುದು, ಟೆಂಡರ್ ದಾಖಲೆ ಬರೆಯುವುದು, ಬಂದ ಟೆಂಡರ್‌ಗಳನ್ನು ತೂಗಿ ನೋಡುವುದು, ಗುತ್ತಿಗೆಯ ಷರತ್ತುಗಳನ್ನು ಪಾಲಿಸುವಂತೆ ನೋಡಿಕೊಳ್ಳುವುದು, ಬಿಲ್ಲುಗಳನ್ನು ಕ್ರೋಡೀಕರಿಸಿ ಸಾಲದ ಹಣ ಬಿಡಿಸಿಕೊಳ್ಳುವುದು, ಚರ್ಚೆಗೆ ಬರುವುದೇ ಇಲ್ಲ. ಸಾಲದ ಹಣ ನಲ್ಲಿಯ ನೀರಾಗಿ, ರಸ್ತೆಯಾಗಿ, ಆಸ್ಪತ್ರೆಯ ಔಷಧವಾಗಿ ಮಾರ್ಪಡುವುದು ಈ ದುಡಿಮೆಯ ಮೂಲಕವೇ ಆದರೂ, ಸರ್ಕಾರಗಳು ಅದನ್ನು ತಾತ್ಕಾಲಿಕ ಕಚೇರಿ ವೆಚ್ಚವೆಂದು ಭಾವಿಸಿ, ಸಾಲದ ಅವಧಿ ಮುಗಿದೊಡನೆ ಕೈಬಿಡುತ್ತ ಬಂದಿವೆ. ರಾಜ್ಯದ ಆಡಳಿತ ಸಾಮರ್ಥ್ಯಕ್ಕೆ ಇದರಿಂದ ಆಗಿರುವ ನಷ್ಟ ದೊಡ್ಡದು.

ಕಾನೂನಿನ ಭಾಷೆಯಲ್ಲಿ ಸಂಗ್ರಹಣೆ ಎನಿಸಿಕೊಳ್ಳುವ, ಕಚೇರಿಗಳಲ್ಲಿ ಖರೀದಿ ಅಥವಾ ಟೆಂಡರ್ ಎಂದಷ್ಟೇ ಹೇಳಲಾಗುವ ಪ್ರಕ್ರಿಯೆಯಲ್ಲಿ ಸಾಮಗ್ರಿ, ಕಾಮಗಾರಿ ಮತ್ತು ಸಲಹಾ ಸೇವೆ ಮೂರೂ ಸೇರುತ್ತವೆ. ಸಾಲ ಕೊಡುವ ಸಂಸ್ಥೆ ಇದರಲ್ಲಿ ಇಷ್ಟೊಂದು ಆಸಕ್ತಿ ತೋರುವುದಕ್ಕೆ ಅದರ ಮೂಲ ಸಂವಿಧಾನದಲ್ಲೇ ಕಾರಣವಿದೆ. 1944ರಲ್ಲಿ ಬ್ರೆಟನ್ ವುಡ್ಸ್ ಸಮ್ಮೇಳನದಲ್ಲಿ ರೂಪುಗೊಂಡ ವಿಶ್ವಬ್ಯಾಂಕಿನ ಒಪ್ಪಂದದ ಮೂರನೆಯ ವಿಧಿಯು, ಸಾಲದ ಹಣ ಯಾವ ಉದ್ದೇಶಕ್ಕೆ ಮಂಜೂರಾಯಿತೋ ಅದಕ್ಕೇ, ಮಿತವ್ಯಯ ಮತ್ತು ದಕ್ಷತೆಗೆ ಗಮನವಿಟ್ಟು, ರಾಜಕೀಯ ಪ್ರಭಾವಗಳನ್ನು ದೂರವಿರಿಸಿ ಬಳಕೆಯಾಗುವಂತೆ ನೋಡಿಕೊಳ್ಳುವ ಹೊಣೆಯನ್ನು ಬ್ಯಾಂಕಿನ ಮೇಲೆ ಹೊರಿಸುತ್ತದೆ. ಆದರೆ ಖರೀದಿ ಮಾಡುವವರು ಬ್ಯಾಂಕಿನವರಲ್ಲ. ಟೆಂಡರ್ ಕರೆಯುವುದೂ ಗುತ್ತಿಗೆಗೆ ಸಹಿ ಹಾಕುವುದೂ ಸಾಲ ಪಡೆದ ಸರ್ಕಾರವೇ. ಬ್ಯಾಂಕಿನ ಪಾತ್ರ ಪರಿಶೀಲನೆಗೆ ಸೀಮಿತವಾಗಿದ್ದು, ದೊಡ್ಡ ಮೊತ್ತದ ಅಥವಾ ಹೆಚ್ಚು ಅಪಾಯವಿರುವ ಗುತ್ತಿಗೆಗಳಲ್ಲಿ ಪ್ರತಿ ಮುಖ್ಯ ಹೆಜ್ಜೆಗೂ ಅದರ ಮುಂಚಿತ ಸಮ್ಮತಿ, ಕಚೇರಿಗಳಲ್ಲಿ ನೋ ಅಬ್ಜೆಕ್ಷನ್ ಎಂದೇ ಬಳಕೆಯಲ್ಲಿರುವ ಪತ್ರ, ಬೇಕಾಗುತ್ತದೆ. ಸಣ್ಣ ಗುತ್ತಿಗೆಗಳ ಕಡತಗಳನ್ನು ಅದು ನಂತರ ಆಯ್ದು ಪರೀಕ್ಷಿಸುತ್ತದೆ. ನಿಯಮ ಮೀರಿ ಖರೀದಿ ನಡೆದಿದೆಯೆಂದು ಕಂಡುಬಂದರೆ ಆ ವೆಚ್ಚಕ್ಕೆ ಸಾಲದ ಹಣ ಸಿಗದೆ, ಹೊರೆ ರಾಜ್ಯದ ಬೊಕ್ಕಸಕ್ಕೇ ಬೀಳಬಹುದು.

ಹಣ ಸಾಗುವ ದಾರಿಯನ್ನು ಗಮನಿಸಿದರೆ ಈ ಕಡತಗಳ ತೂಕ ಇನ್ನಷ್ಟು ಸ್ಪಷ್ಟವಾಗುತ್ತದೆ. ವಿದೇಶಿ ನೆರವಿನ ಯೋಜನೆಯೆಂದರೆ ಡಾಲರುಗಳು ನೇರವಾಗಿ ಬೆಂಗಳೂರಿಗೆ ಬಂದಿಳಿಯುತ್ತವೆ ಎಂಬ ಕಲ್ಪನೆ ತಪ್ಪು. ಬಹುತೇಕ ಯೋಜನೆಗಳಲ್ಲಿ ರಾಜ್ಯವು ತನ್ನ ಬಜೆಟ್ಟಿನಿಂದ ಮೊದಲು ಖರ್ಚು ಮಾಡಿ, ಆ ಖರ್ಚಿನ ಲೆಕ್ಕವನ್ನು ಕೇಂದ್ರ ಹಣಕಾಸು ಸಚಿವಾಲಯದ ನೆರವು ಲೆಕ್ಕಪತ್ರ ವಿಭಾಗದ ಮೂಲಕ ಸಾಲದಾತ ಸಂಸ್ಥೆಗೆ ಸಲ್ಲಿಸಿ, ನಂತರ ಮರುಭರ್ತಿ ಪಡೆಯುತ್ತದೆ. ಹನ್ನೆರಡನೆಯ ಹಣಕಾಸು ಆಯೋಗದ ಶಿಫಾರಸಿನಂತೆ 2005ರಿಂದೀಚೆಗೆ ಇಂಥ ಸಾಲಗಳನ್ನು ಕೇಂದ್ರವು ತಾನು ಪಡೆದ ಷರತ್ತುಗಳಲ್ಲೇ ಸಾಮಾನ್ಯ ವರ್ಗದ ರಾಜ್ಯಗಳಿಗೆ ದಾಟಿಸುತ್ತಿರುವುದರಿಂದ, ರೂಪಾಯಿಯ ಬೆಲೆ ಕುಸಿದಾಗ ಹೆಚ್ಚುವ ಹೊರೆಯೂ ರಾಜ್ಯದ್ದೇ ಆಗಿದೆ. ವಿಶ್ವಬ್ಯಾಂಕಿನ ಸಾಮಾನ್ಯ ಸಾಲಗಳಲ್ಲಿ, ಮಂಜೂರಾಗಿಯೂ ಪಡೆಯದೆ ಉಳಿದ ಮೊತ್ತದ ಮೇಲೆ ವರ್ಷಕ್ಕೆ ಶೇ 0.25ರಷ್ಟು ಬದ್ಧತಾ ಶುಲ್ಕವಿದೆ. ಆ ಶುಲ್ಕ ಅನ್ವಯವಾಗುವ 10 ಕೋಟಿ ಡಾಲರ್ ಸಾಲ ಒಂದು ವರ್ಷ ಮುಟ್ಟದೆ ಬಿದ್ದಿದ್ದರೆ 2.5 ಲಕ್ಷ ಡಾಲರ್ ಸುಮ್ಮನೆ ತೆರಬೇಕಾಗುತ್ತದೆ. ಈ ವಿಳಂಬದಲ್ಲಿ ಏರುವ ಉಕ್ಕು, ಸಿಮೆಂಟು, ಕೂಲಿಯ ದರಗಳ ಮುಂದೆ ಆ ಶುಲ್ಕವೂ ಚಿಕ್ಕದು. ಮರುಟೆಂಡರ್ ಕರೆಯಬೇಕಾಗಿ ಬರುವಂಥ ದೋಷವೊಂದು ಟೆಂಡರ್ ದಾಖಲೆಯಲ್ಲಿ ನುಸುಳಿದರೆ ಅದರ ಬೆಲೆ ಆ ದಾಖಲೆ ಬರೆದವರ ಹಲವು ವರ್ಷಗಳ ಸಂಬಳವನ್ನು ಮೀರುತ್ತದೆ ಎಂಬುದನ್ನು ಯಾವ ಆಡಳಿತ ಸುಧಾರಣೆಯ ವರದಿಯೂ ಮರೆಯಬಾರದು.

ಉತ್ತರ ಕರ್ನಾಟಕದ ನಗರಗಳ ನೀರು ಪೂರೈಕೆ ಈ ಮಾತಿಗೆ ಒಳ್ಳೆಯ ನಿದರ್ಶನ. 2004ರಲ್ಲಿ ಮಂಜೂರಾದ ವಿಶ್ವಬ್ಯಾಂಕಿನ 3.95 ಕೋಟಿ ಡಾಲರ್ ಸಾಲದಲ್ಲಿ ಹುಬ್ಬಳ್ಳಿ, ಧಾರವಾಡ, ಬೆಳಗಾವಿ, ಕಲಬುರಗಿಗಳ ಕೆಲವು ಬಡಾವಣೆಗಳನ್ನು ಪ್ರಾಯೋಗಿಕ ವಲಯಗಳೆಂದು ಆರಿಸಿ, ಹಲವು ದಿನಗಳಿಗೊಮ್ಮೆ ಕೆಲವು ಗಂಟೆ ನೀರು ಬರುತ್ತಿದ್ದ ಮನೆಗಳಿಗೆ ದಿನದ 24 ಗಂಟೆಯೂ ನೀರು ಕೊಡುವ ಪ್ರಯತ್ನ ಆರಂಭವಾಯಿತು. ಕರ್ನಾಟಕ ನಗರ ಮೂಲಸೌಕರ್ಯ ಅಭಿವೃದ್ಧಿ ಮತ್ತು ಹಣಕಾಸು ನಿಗಮ ಇದರ ಅನುಷ್ಠಾನದ ಹೊಣೆ ಹೊತ್ತಿತ್ತು. ಫ್ರಾನ್ಸಿನ ವಿಯೋಲಿಯಾ ಸಮೂಹದ ಕಂಪನಿ ನಿರ್ವಹಣೆಯ ಗುತ್ತಿಗೆ ಪಡೆಯಿತು. ಆ ಗುತ್ತಿಗೆಯ ವಿಶೇಷ ಅದರ ಪಾವತಿ ವಿಧಾನದಲ್ಲಿತ್ತು: ಹಾಕಿದ ಕೊಳವೆಯ ಉದ್ದಕ್ಕಷ್ಟೇ ಹಣ ಕೊಡುವ ರೂಢಿಯನ್ನು ಬಿಟ್ಟು, ನಿರ್ವಾಹಕರ ಶುಲ್ಕದ ಒಂದು ಪಾಲನ್ನು ನೀರಿನ ನಿರಂತರತೆ, ಸೋರಿಕೆಯ ಇಳಿಕೆ ಮುಂತಾದ ಫಲಿತಾಂಶಗಳಿಗೆ ಕಟ್ಟಿಹಾಕಲಾಗಿತ್ತು. 2008ರ ಹೊತ್ತಿಗೆ ಆ ವಲಯಗಳಲ್ಲಿ ನಿರಂತರ ನೀರು ಹರಿಯತೊಡಗಿತು. ಇಷ್ಟಾದ ಮೇಲೆ ಇಡೀ ನಗರಗಳಿಗೆ ಅದನ್ನು ವಿಸ್ತರಿಸುವುದು ಸುಲಭವಾಗಬೇಕಿತ್ತು. ಆದರೆ ಮುಂದಿನ ಹಂತದ 10 ಕೋಟಿ ಡಾಲರ್ ಸಾಲಕ್ಕೆ ಬ್ಯಾಂಕಿನ ಮಂಜೂರಾತಿ ದೊರೆತದ್ದು 2016ರಲ್ಲಿ; ಆ ಬಳಿಕವೂ ಹುಬ್ಬಳ್ಳಿ-ಧಾರವಾಡದ ಗುತ್ತಿಗೆ ಅಂತಿಮಗೊಂಡು ನಿರ್ವಹಣೆ ಹೊಸ ಕಂಪನಿಯ ಕೈಸೇರಲು ವರ್ಷಗಳೇ ಹಿಡಿದವು.

ನೀರಿನ ಖಾಸಗೀಕರಣದ ವಿರುದ್ಧ ಈ ನಗರಗಳಲ್ಲಿ ಎದ್ದ ಪ್ರಶ್ನೆಗಳು ನ್ಯಾಯವಾದವು, ಮತ್ತು ಆ ಪ್ರಶ್ನೆಗಳಿಗೆ ಉತ್ತರ ಇರುವುದೂ ಟೆಂಡರ್ ದಾಖಲೆಯಲ್ಲೇ. ದರ ನಿಗದಿಯ ಅಧಿಕಾರ ಯಾರ ಬಳಿ ಉಳಿಯುತ್ತದೆ, ಬಡವರ ಬಡಾವಣೆಯ ಸಂಪರ್ಕಕ್ಕೆ ಶುಲ್ಕವೆಷ್ಟು, ಹಳೆಯ ನೌಕರರ ಗತಿಯೇನು, ಗುರಿ ತಪ್ಪಿದರೆ ಕಂಪನಿಗೆ ಬೀಳುವ ದಂಡವೆಷ್ಟು ಎಂಬುದೆಲ್ಲ ಗುತ್ತಿಗೆಯ ಷರತ್ತುಗಳಲ್ಲಿ ಬರೆದಿರಬೇಕು. ಸಹಿಯಾದ ಮೇಲೆ ನಡೆಯುವ ಪ್ರತಿಭಟನೆಗಿಂತ, ಕರಡು ಸಿದ್ಧವಾಗುವ ವೇಳೆಗೆ ಪಾಲಿಕೆಯ ಸದಸ್ಯರೂ ನಾಗರಿಕರೂ ಅದನ್ನು ಓದಿ ತಿದ್ದಿಸಲು ಸಾಧ್ಯವಾಗಿದ್ದರೆ ಪರಿಣಾಮ ಹೆಚ್ಚಾಗುತ್ತಿತ್ತು. ಅದಕ್ಕೆ ಕರಡು ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು.

ಖರೀದಿಯ ಕಾವಲು ಸಡಿಲವಾದರೆ ಏನಾಗುತ್ತದೆ ಎಂಬುದನ್ನು ಭಾರತದ ಆರೋಗ್ಯ ಕ್ಷೇತ್ರ ಕಂಡಿದೆ. ಮಲೇರಿಯಾ, ಕ್ಷಯ ಮತ್ತು ಎಚ್‌ಐವಿ ನಿಯಂತ್ರಣ, ಆಹಾರ ಮತ್ತು ಔಷಧ ಪರೀಕ್ಷೆಯ ಸಾಮರ್ಥ್ಯವೃದ್ಧಿ, ಒಡಿಶಾದ ಆಸ್ಪತ್ರೆಗಳ ಅಭಿವೃದ್ಧಿ ಎಂಬ ಐದು ಯೋಜನೆಗಳನ್ನು ಭಾರತ ಸರ್ಕಾರದ ಸಹಕಾರದೊಂದಿಗೆ ಸವಿವರವಾಗಿ ಪರಿಶೀಲಿಸಿದ ವಿಶ್ವಬ್ಯಾಂಕ್, 2008ರ ಜನವರಿಯಲ್ಲಿ ಪ್ರಕಟಿಸಿದ ವರದಿಯಲ್ಲಿ ವಂಚನೆ ಮತ್ತು ಭ್ರಷ್ಟಾಚಾರದ ಗಂಭೀರ ಲಕ್ಷಣಗಳನ್ನು ದಾಖಲಿಸಿತು. ಒಡಿಶಾದಲ್ಲಿ ಪರಿಶೀಲಕರು ಭೇಟಿ ಕೊಟ್ಟ 55 ಆಸ್ಪತ್ರೆಗಳ ಪೈಕಿ ಶೇ 93ರಷ್ಟರಲ್ಲಿ ಸೋರುವ ಚಾವಣಿ, ಕಿತ್ತುಬರುವ ಗಾರೆ, ಅಪೂರ್ಣ ಕಾಮಗಾರಿ ಮುಂತಾದ ಲೋಪಗಳಿದ್ದವು. ಅವುಗಳಲ್ಲಿ ಎಷ್ಟೋ ಕಾಮಗಾರಿಗಳು ಕಾಗದದ ಮೇಲೆ ವಿವರಣೆಗೆ ತಕ್ಕಂತೆ ಪೂರ್ಣಗೊಂಡಿದ್ದವು. ಬ್ಯಾಂಕಿನ ಸ್ವಂತ ಮೇಲ್ವಿಚಾರಣೆಯೂ ವಿಫಲವಾಗಿತ್ತೆಂಬುದನ್ನು ಇಲ್ಲಿ ಒತ್ತಿ ಹೇಳಬೇಕು, ಏಕೆಂದರೆ ದೂರದಿಂದ ಕಡತ ನೋಡುವ ಪರಿಶೀಲನೆ ಎಷ್ಟೇ ಕಟ್ಟುನಿಟ್ಟಾಗಿದ್ದರೂ ಸ್ಥಳದಲ್ಲಿ ಅಳತೆಪಟ್ಟಿ ಹಿಡಿದು ನಿಲ್ಲುವ ಪ್ರಾಮಾಣಿಕ ಎಂಜಿನಿಯರನಿಗೆ ಅದು ಬದಲಿಯಾಗದು. ಪೈಪೋಟಿಗೆ ಇಳಿದವರಂತೆ ತೋರುವ ಕಂಪನಿಗಳ ಟೆಂಡರ್‌ಗಳಲ್ಲಿ ಒಂದೇ ಬಗೆಯ ಅಕ್ಷರದೋಷ, ಒಂದೇ ವಿಳಾಸ, ಅನುಕ್ರಮ ಸಂಖ್ಯೆಯ ಬ್ಯಾಂಕ್ ಖಾತರಿಗಳು ಇದ್ದರೆ ಒಳಒಪ್ಪಂದದ ಸಂಶಯಪಡಬೇಕೆಂದು ಖರೀದಿ ತಜ್ಞರಿಗೆ ಕಲಿಸಲಾಗುತ್ತದೆ. ಅಂಥ ಕಣ್ಣು ತರಬೇತಿಯಿಂದ ಮತ್ತು ಹತ್ತಾರು ಟೆಂಡರ್‌ಗಳನ್ನು ನೋಡಿದ ಅನುಭವದಿಂದ ಬರುತ್ತದೆಯೇ ಹೊರತು, ಎರಡು ವರ್ಷದ ನಿಯೋಜನೆಯ ಮೇಲೆ ಬಂದು ಹೋಗುವವರಲ್ಲಿ ಬೆಳೆಯುವುದಿಲ್ಲ. ಅದೇ ದಶಕದಲ್ಲಿ ಕೇಂದ್ರ ಆರೋಗ್ಯ ಸಚಿವಾಲಯವು ವಿಶ್ವಬ್ಯಾಂಕ್ ನೆರವಿನ ಔಷಧ ಖರೀದಿಗೆ ವಿಶ್ವಸಂಸ್ಥೆಯ ಅಂಗಸಂಸ್ಥೆಯೊಂದನ್ನು ಮಧ್ಯವರ್ತಿಯಾಗಿ ನೇಮಿಸಿಕೊಳ್ಳಬೇಕಾಗಿ ಬಂದದ್ದು, ಔಷಧ ತಯಾರಿಕೆಯಲ್ಲಿ ಜಗತ್ತಿಗೇ ಹೆಸರಾದ ದೇಶಕ್ಕೆ ಶೋಭೆ ತರುವ ಸಂಗತಿಯಾಗಿರಲಿಲ್ಲ.

ಇದಕ್ಕೆ ವಿರುದ್ಧವಾದ ಉದಾಹರಣೆ ನೆರೆಯ ರಾಜ್ಯದಲ್ಲೇ ಇದೆ. 1994ರಲ್ಲಿ ಸ್ಥಾಪನೆಯಾದ ತಮಿಳುನಾಡು ವೈದ್ಯಕೀಯ ಸೇವಾ ನಿಗಮವು ಯಾವುದೇ ಒಂದು ಸಾಲದ ಅವಧಿಗೆ ಕಟ್ಟುಬಿದ್ದ ತಾತ್ಕಾಲಿಕ ಘಟಕವಾಗಿರಲಿಲ್ಲ. ಅಗತ್ಯ ಔಷಧಗಳ ಪಟ್ಟಿ, ಮುಕ್ತ ಟೆಂಡರ್, ಜಿಲ್ಲೆಗಳಲ್ಲಿ ಉಗ್ರಾಣ, ಪ್ರತಿ ಬ್ಯಾಚಿನ ಔಷಧದ ಗುಣಮಟ್ಟ ಪರೀಕ್ಷೆ, ಪ್ರತಿ ಆಸ್ಪತ್ರೆಗೂ ತನ್ನ ಪಾಲಿನ ಮೊತ್ತ ತೋರಿಸುವ ಪಾಸ್‌ಬುಕ್ ಎಂಬ ಸರಳ ವ್ಯವಸ್ಥೆಯನ್ನು ಮೂರು ದಶಕಗಳ ಕಾಲ ಒಂದೇ ಸಂಸ್ಥೆ ಪಾಲಿಸಿಕೊಂಡು ಬಂದುದರಿಂದ, ಅಲ್ಲಿ ಔಷಧ ಖರೀದಿಯೆಂಬುದು ನೆಲೆನಿಂತ ವೃತ್ತಿಯಾಯಿತು. ಕೇರಳ, ರಾಜಸ್ಥಾನಗಳು ಆ ಮಾದರಿಯನ್ನು ಅನುಸರಿಸಿದವು.

ಕರ್ನಾಟಕಕ್ಕೆ ಕಾನೂನಿನ ಕೊರತೆಯಿಲ್ಲ. 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, ಜನರ ಬಾಯಲ್ಲಿ ಕೆಟಿಪಿಪಿ ಕಾಯ್ದೆ, ದೇಶದಲ್ಲೇ ಮೊದಲ ಸಾಲಿನ ಇಂಥ ಕಾನೂನುಗಳಲ್ಲಿ ಒಂದು. ಅಂತರರಾಷ್ಟ್ರೀಯ ಹಣಕಾಸು ಸಂಸ್ಥೆಗಳ ನೆರವಿನ ಯೋಜನೆಗಳಲ್ಲಿ ಆ ಸಂಸ್ಥೆಗಳ ವಿಧಾನಕ್ಕೂ ಕಾಯ್ದೆಗೂ ಹೊಂದಾಣಿಕೆಯಾಗದ ಕಡೆ ಸಂಸ್ಥೆಗಳ ವಿಧಾನವೇ ನಡೆಯಲು ಅದರ ಮೂರನೆಯ ಪ್ರಕರಣ ಅವಕಾಶ ಕೊಡುತ್ತದೆ. ಅದರ ಮುಂದಿನ ಪ್ರಕರಣದ 4(ಜಿ) ಉಪಬಂಧವಾದರೋ ಅಧಿಸೂಚನೆ ಹೊರಡಿಸಿ ನಿರ್ದಿಷ್ಟ ಖರೀದಿಗಳನ್ನು ಟೆಂಡರಿನಿಂದಲೇ ಹೊರಗಿಡುವ ಅಧಿಕಾರವನ್ನು ಸರ್ಕಾರಕ್ಕೆ ನೀಡುತ್ತದೆ, ಮತ್ತು ಎಲ್ಲ ಪಕ್ಷಗಳ ಸರ್ಕಾರಗಳೂ ಆ ಅಧಿಕಾರವನ್ನು ಬಳಸಿವೆ. ಹೊರಗಿನವರ ಸಾಲಕ್ಕೆ ಹೊರಗಿನವರ ಶಿಸ್ತನ್ನು ಒಪ್ಪಿಕೊಳ್ಳುವ ಆಡಳಿತ, ತನ್ನದೇ ತೆರಿಗೆದಾರರ ಹಣಕ್ಕೆ ವಿನಾಯಿತಿಯ ದಾರಿ ಹುಡುಕುವುದು ನೈತಿಕವಾಗಿ ಸಮರ್ಥನೀಯವಲ್ಲ. ಸಾಲದಾತರ ನಿಯಮಗಳಲ್ಲಿ ಕಲಿಯುವಂಥದ್ದೂ ಇದೆ: ವಿಶ್ವಬ್ಯಾಂಕ್ 2016ರ ಜುಲೈಯಿಂದ ಜಾರಿಗೆ ತಂದ ಖರೀದಿ ಚೌಕಟ್ಟಿನಲ್ಲಿ, ಯಾರಿಗೆ ಗುತ್ತಿಗೆ ಕೊಡುವ ಉದ್ದೇಶವಿದೆಯೆಂದು ಎಲ್ಲ ಸ್ಪರ್ಧಿಗಳಿಗೂ ತಿಳಿಸಿದ ಬಳಿಕ ದೂರು ಸಲ್ಲಿಸಲು ಸಾಮಾನ್ಯವಾಗಿ 10 ಕೆಲಸದ ದಿನಗಳ ಬಿಡುವು ಕೊಟ್ಟ ಮೇಲೆಯೇ ಸಹಿ ಹಾಕಬೇಕು. ಅನ್ಯಾಯವಾಗಿದ್ದರೆ ಸಹಿಗೆ ಮುನ್ನ ಸರಿಪಡಿಸುವುದು, ಕೆಲಸ ಆರಂಭವಾದ ಮೇಲೆ ನ್ಯಾಯಾಲಯದ ತಡೆಯಾಜ್ಞೆ ಎದುರಿಸುವುದಕ್ಕಿಂತ ಎಷ್ಟೋ ಅಗ್ಗ. ಕನಿಷ್ಠ ದರ ನಮೂದಿಸಿದವರಿಗೇ ಕೆಲಸ, ಅಂದರೆ ಎಲ್-1, ಎಂಬ ಪದ್ಧತಿಯ ಮಿತಿಯನ್ನು ಕೇಂದ್ರ ಹಣಕಾಸು ಸಚಿವಾಲಯವೂ 2021ರ ಅಕ್ಟೋಬರಿನ ಸೂಚನೆಗಳಲ್ಲಿ ಒಪ್ಪಿಕೊಂಡು, ಆಯ್ದ ಸಂದರ್ಭಗಳಲ್ಲಿ ಗುಣಮಟ್ಟಕ್ಕೂ ಅಂಕ ಕೊಡಲು ದಾರಿ ತೆರೆದಿದೆ. ಆದರೆ ಗುಣಮಟ್ಟಕ್ಕೆ ಅಂಕ ಕೊಡುವುದು ದರ ಹೋಲಿಸುವಷ್ಟು ಸುಲಭವಲ್ಲ. ಮಾನದಂಡಗಳನ್ನು ನ್ಯಾಯವಾಗಿ ಬರೆಯಬಲ್ಲ, ಕೊಟ್ಟ ಅಂಕಗಳನ್ನು ಲೆಕ್ಕಪರಿಶೋಧಕರ ಮುಂದೆ ಸಮರ್ಥಿಸಬಲ್ಲ ಸಿಬ್ಬಂದಿ ಇಲ್ಲದೆಡೆ ಅದೇ ಸ್ವಾತಂತ್ರ್ಯ ಪಕ್ಷಪಾತಕ್ಕೆ ಎಡೆಯಾಗುತ್ತದೆ.

ಸಮಸ್ಯೆಯ ಬೇರು ಇರುವುದು ಇಲ್ಲಿ. ಲೋಕೋಪಯೋಗಿ, ನೀರಾವರಿ, ಆರೋಗ್ಯ ಇಲಾಖೆಗಳಲ್ಲಿ ಖರೀದಿಗೆಂದೇ ಮೀಸಲಾದ ವೃತ್ತಿಪರ ವೃಂದವಿಲ್ಲ. ಸಾಲ ಮಂಜೂರಾದಾಗ ಯೋಜನಾ ನಿರ್ವಹಣಾ ಘಟಕವೊಂದು ಹುಟ್ಟಿಕೊಳ್ಳುತ್ತದೆ. ಮಾತೃ ಇಲಾಖೆಯಿಂದ ನಿಯೋಜನೆಗೊಂಡ ಎಂಜಿನಿಯರುಗಳು, ಗುತ್ತಿಗೆ ಆಧಾರದ ಖರೀದಿ ತಜ್ಞರು, ಹೊರಗುತ್ತಿಗೆಯ ಲೆಕ್ಕಸಹಾಯಕರು ಮತ್ತು ಡೇಟಾ ಎಂಟ್ರಿ ಸಿಬ್ಬಂದಿ ಅಲ್ಲಿ ಸೇರುತ್ತಾರೆ. ಇವರೆಲ್ಲರ ಮೇಲೆ ಸಲಹಾ ಸಂಸ್ಥೆಯೊಂದು ಇರುತ್ತದೆ. ಮೊದಲ ಎರಡು ವರ್ಷ ನಿಯಮ ಕಲಿಯುವುದರಲ್ಲೇ ಕಳೆದು, ಕೈ ಪಳಗುವ ಹೊತ್ತಿಗೆ ವರ್ಗಾವಣೆಯೋ ಸಾಲದ ಮುಕ್ತಾಯವೋ ಬಂದು ತಂಡ ಚದುರುತ್ತದೆ. ಮುಂದಿನ ಸಾಲಕ್ಕೆ ಮತ್ತೆ ಹೊಸಬರು ಬಂದು ಮತ್ತೆ ಮೊದಲಿನಿಂದ ಕಲಿಯುತ್ತಾರೆ. ಜಾಗತಿಕ ಟೆಂಡರಿನ ಮೌಲ್ಯಮಾಪನ ಮಾಡಬಲ್ಲ ಒಬ್ಬ ಸಹಾಯಕ ಎಂಜಿನಿಯರನ್ನು ಆರೇ ತಿಂಗಳಲ್ಲಿ ಬೇರೆ ಉಪವಿಭಾಗದ ರಸ್ತೆಗುಂಡಿ ಮುಚ್ಚುವ ಕೆಲಸಕ್ಕೆ ಕಳಿಸುವುದು ಸಾರ್ವಜನಿಕ ಹಣದ ನೇರ ಪೋಲು. ಈ ಘಟಕಗಳಲ್ಲಿ ದುಡಿಯುವ ಗುತ್ತಿಗೆ ನೌಕರರ ಸ್ಥಿತಿಯೂ ಚಿಂತೆಗೆ ಅರ್ಹ: ನೂರಾರು ಕೋಟಿಯ ಕಡತಗಳ ಗೋಪ್ಯತೆ ಕಾಯಬೇಕಾದವರಿಗೆ ತಮ್ಮ ಮುಂದಿನ ವರ್ಷದ ಕೆಲಸದ ಖಾತರಿಯೂ ಇರುವುದಿಲ್ಲ.

ಈ ಕೆಲಸ ಇಂಗ್ಲಿಷ್ ಬಲ್ಲ ಪರಿಣತರಿಗಷ್ಟೇ ಸಾಧ್ಯವೆಂಬ ಅಳುಕಿಗೂ ರಾಜ್ಯದ ಅನುಭವದಲ್ಲೇ ಉತ್ತರವಿದೆ. 2002ರಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ಆರಂಭವಾಗಿ, ಜಲ ಸಂವರ್ಧನೆ ಯೋಜನಾ ಸಂಘದ ಮೂಲಕ ಜಾರಿಯಾದ ಕೆರೆ ಪುನಶ್ಚೇತನ ಯೋಜನೆಯಲ್ಲಿ, ಊರಿನ ಕೆರೆ ಬಳಕೆದಾರರ ಸಂಘಗಳೇ ಹೂಳೆತ್ತುವ, ಏರಿ ಮತ್ತು ತೂಬು ದುರಸ್ತಿಯ ಕೆಲಸಗಳ ಹೊಣೆ ಹೊರುವಂತೆ ಸಮುದಾಯ ಖರೀದಿಯ ಸರಳ ವಿಧಾನವನ್ನು ಅಳವಡಿಸಲಾಗಿತ್ತು. ಎಲ್ಲ ಊರುಗಳಲ್ಲೂ ಅದು ಸಮಾನವಾಗಿ ಫಲಿಸಲಿಲ್ಲ. ಬಲಾಢ್ಯರ ಹಿಡಿತಕ್ಕೆ ಸಿಕ್ಕ ಸಂಘಗಳೂ ಇದ್ದವು. ಆದರೂ ದರಪಟ್ಟಿ ತರಿಸಿ ಹೋಲಿಸುವುದು, ಗ್ರಾಮಸಭೆಯಲ್ಲಿ ಲೆಕ್ಕ ಓದುವುದು, ಖರ್ಚಿನ ಫಲಕ ನಿಲ್ಲಿಸುವುದು ಹಳ್ಳಿಗರ ಕೈಗೆಟುಕುವ ಕೆಲಸಗಳೆಂಬುದನ್ನು ಆ ಪ್ರಯೋಗ ತೋರಿಸಿತು. ದೊಡ್ಡ ಗುತ್ತಿಗೆಗಳ ಮೂಲ ದಾಖಲೆ ಇಂಗ್ಲಿಷಿನಲ್ಲಿರುವುದು ಅನಿವಾರ್ಯವಾದರೂ, ಗುತ್ತಿಗೆಯ ಮೊತ್ತ, ಗುರಿ, ಅವಧಿ, ದಂಡದ ಷರತ್ತುಗಳ ಕನ್ನಡ ಸಾರಾಂಶವನ್ನು ಟೆಂಡರ್ ಪೋರ್ಟಲಿನಲ್ಲೂ ಪಾಲಿಕೆಯ ವಾರ್ಡ್ ಕಚೇರಿಯಲ್ಲೂ ಪ್ರಕಟಿಸಲು ಯಾವ ಸಾಲದಾತರ ಅಡ್ಡಿಯೂ ಇಲ್ಲ.

ಮಾಡಬೇಕಾದುದರಲ್ಲಿ ಮೊದಲನೆಯದು, ಹಣಕಾಸು ಇಲಾಖೆಯ ಅಡಿಯಲ್ಲಿ ಎಂಜಿನಿಯರಿಂಗ್, ಲೆಕ್ಕಪತ್ರ ಮತ್ತು ಕಾನೂನು ಹಿನ್ನೆಲೆಯವರನ್ನು ಒಳಗೊಂಡ ಶಾಶ್ವತ ಖರೀದಿ ವೃಂದವೊಂದನ್ನು ರಚಿಸಿ, ವಿದೇಶಿ ಸಾಲದ ಯೋಜನೆಗಳಿಗೂ ರಾಜ್ಯದ ಸ್ವಂತ ಹಣದ ದೊಡ್ಡ ಕಾಮಗಾರಿಗಳಿಗೂ ಅದೇ ತಂಡದಿಂದ ಸಿಬ್ಬಂದಿ ಒದಗಿಸುವುದು. ಅವರ ಬಡ್ತಿಯನ್ನು ಸಹಿಯಾದ ಒಪ್ಪಂದಗಳ ಸಂಖ್ಯೆಗೆ ತಳುಕು ಹಾಕದೆ, ಅವಧಿಯೊಳಗೆ, ಅಂದಾಜಿನೊಳಗೆ ಮುಗಿದ ಗುತ್ತಿಗೆಗಳಿಗೆ ಹೊಂದಿಸಬೇಕು. ಸಾಲದ ಅವಧಿ ಮುಗಿದ ಪ್ರತಿ ಯೋಜನೆಯ ಟೆಂಡರ್ ದಾಖಲೆ, ಮೌಲ್ಯಮಾಪನ ವರದಿ, ದರ ವಿಶ್ಲೇಷಣೆ ಮತ್ತು ವಿವಾದಗಳ ಕಡತವನ್ನು ಮುಂದಿನ ಯೋಜನಾ ಕಚೇರಿಗೆ ಹಸ್ತಾಂತರಿಸುವ ಹೊಣೆಯನ್ನೂ ಈ ವೃಂದಕ್ಕೇ ವಹಿಸಿದರೆ, ಹುಬ್ಬಳ್ಳಿಯ ಪ್ರಾಯೋಗಿಕ ವಲಯದಲ್ಲಿ ಸೋರಿಕೆ ಇಳಿಸಲು ನಿಜವಾಗಿ ತಗಲಿದ ವೆಚ್ಚವೆಷ್ಟು, ಯಾವ ಷರತ್ತು ಕೆಲಸ ಮಾಡಿತು, ಯಾವುದು ಮಾಡಲಿಲ್ಲ ಎಂಬ ಮಾಹಿತಿ ಬೇರೊಂದು ನಗರದ ನೀರಿನ ಟೆಂಡರ್ ಬರೆಯುವವರ ಮೇಜಿನ ಮೇಲೆ, ಸಲಹಾ ಸಂಸ್ಥೆಗೆ ಮತ್ತೊಮ್ಮೆ ಹಣ ತೆರದೆ, ಸಿಗುತ್ತದೆ.