ಲಿಪಿಯಿಲ್ಲದ ಮನೆಮಾತು

ಕೊಯಮತ್ತೂರಿನಿಂದ ಸೇಲಂ ಕಡೆಗೆ ಸಾಗುವ ಹೆದ್ದಾರಿಯಲ್ಲಿರುವ ಅವಿನಾಶಿ ಪ್ರಸಿದ್ಧ ಶಿವಕ್ಷೇತ್ರ. ಮೊಸಳೆ ನುಂಗಿದ ಬಾಲಕನನ್ನು ಸುಂದರಮೂರ್ತಿ ನಾಯನಾರರು ಹಾಡಿ ಮರಳಿ ಪಡೆದರೆಂಬ ಐತಿಹ್ಯ ಆ ಊರಿನದು. ಅದರ ಸುತ್ತಣ ಸೀಮೆಯ ನೇಕಾರರ ಕೇರಿಗಳಲ್ಲಿ ಇಂದಿಗೂ ಕನ್ನಡ ಕೇಳಿಬರುತ್ತದೆ.

ಅದನ್ನಾಡುವವರಲ್ಲಿ ದೇವಾಂಗರು ಮುಖ್ಯರು. ಒಕ್ಕಲಿಗರೂ ಕುರುಬರೂ ಉಂಟು. ಇವರೆಲ್ಲ ಒಮ್ಮೆಗೇ ಬಂದು ನೆಲೆಸಿದವರಲ್ಲ. ಹೊಯ್ಸಳರ, ವಿಜಯನಗರದ ಆಳ್ವಿಕೆಗಳು ಕೊಂಗುನಾಡಿನವರೆಗೂ ಚಾಚಿದ್ದವು. 17ನೆಯ ಶತಮಾನದಿಂದ 1799ರವರೆಗೆ ಈ ಸೀಮೆ ಬಹುಮಟ್ಟಿಗೆ ಮೈಸೂರಿನ ಅಧೀನದಲ್ಲಿತ್ತು. ಗಜ್ಜಲಹಟ್ಟಿಯ ಕಣಿವೆ ಸೇನೆಗೂ ವ್ಯಾಪಾರಿಗಳಿಗೂ ದಾರಿಯಾಗಿತ್ತು. ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂದದ್ದು 1956ರಲ್ಲಿ. ಜನರು ನೆಲೆಸಿದ ಎಷ್ಟೋ ಕಾಲದ ಮೇಲೆ ಇಂದಿನ ಗಡಿ ಮೂಡಿತು.

ಶಾಲೆಯ ಆಸರೆಯಿಲ್ಲದೆ ಈ ನುಡಿ ಉಳಿದುದು ಹೇಗೆ? ಮಗ್ಗ ಮನೆಯೊಳಗೇ ಇತ್ತು. ಗಂಡಸರು ಲಾಳಿ ಎಸೆಯುತ್ತಿದ್ದರೆ ಹೆಂಗಸರು ನೂಲು ಸುತ್ತುತ್ತಿದ್ದರು. ಮಕ್ಕಳು ಪಕ್ಕದಲ್ಲಿ ಕುಳಿತು ಕೆಲಸದೊಡನೆ ಮಾತನ್ನೂ ಕಲಿಯುತ್ತಿದ್ದರು. ಕುಲದೇವತೆ ಚೌಡೇಶ್ವರಿಯ ಉತ್ಸವದಲ್ಲಿ, ಅಲಗು ಹಿಡಿದು ತಾಯಿಯನ್ನು ಕರೆತರುವ ಸೇವೆಯಲ್ಲಿ, ಊರೂರಿನ ಬಂಧುಗಳು ಕೂಡುತ್ತಿದ್ದರು. ಸಂಬಂಧವೂ ಕುಲದೊಳಗೇ ನಡೆಯುತ್ತಿದ್ದುದರಿಂದ ಮನೆಗೆ ಬಂದ ಸೊಸೆಯೂ ಅದೇ ನುಡಿಯನ್ನು ತರುತ್ತಿದ್ದಳು.

ಆದರೆ ಈ ಮೂರೂ ಕಾಪಾಡಿದ್ದು ಮಾತನ್ನು, ಅಕ್ಷರವನ್ನಲ್ಲ. ಓದು, ಲೆಕ್ಕ, ಪತ್ರವ್ಯವಹಾರ ತಮಿಳಿನಲ್ಲಿ ನಡೆದವು. ಮನೆಯಲ್ಲಿ ಸರಾಗವಾಗಿ ಕನ್ನಡವಾಡುವ ಹಿರಿಯರು ಮೈಸೂರಿನ ಬಸ್ಸಿನ ಫಲಕವನ್ನು ಓದಲಾರರು. ಈಗ ಕೈಮಗ್ಗದ ಸ್ಥಾನಕ್ಕೆ ವಿದ್ಯುತ್ ಮಗ್ಗ ಬಂದಿದೆ. ಯುವಕರು ತಿರುಪ್ಪೂರಿನ ಬನಿಯನ್ ಕಾರ್ಖಾನೆಗಳಿಗೆ ಹೋಗುತ್ತಾರೆ. ದುಡಿಮೆ ಮನೆಯಿಂದ ಹೊರನಡೆದಂತೆ ದುಡಿಮೆಯ ಮಾತೂ ಬದಲಾಗುತ್ತಿದೆ.

ದೂರದ ನ್ಯೂಯಾರ್ಕ್ ನಗರಕ್ಕೆ ವಲಸೆ ಬಂದ ಸ್ಪ್ಯಾನಿಷ್ ಭಾಷಿಕರಿಗೆ 1913ರಲ್ಲಿಯೇ ‘ಲಾ ಪ್ರೆನ್ಸಾ’ ಎಂಬ ಸ್ವಂತ ಪತ್ರಿಕೆ ದೊರೆಯಿತು. ಮನೆಯಲ್ಲಿ ಆಡಿದ ನುಡಿಯನ್ನು ಅವರು ಬೀದಿಯಲ್ಲಿ ಕೊಂಡು ಓದಬಹುದಿತ್ತು. ಅವಿನಾಶಿಯ ನೇಕಾರನಿಗೆ ಆ ಭಾಗ್ಯವಿರಲಿಲ್ಲ.

ಕನ್ನಡ ಶಾಲೆಯಲ್ಲಿ ಮಕ್ಕಳನ್ನು ಓದಿಸುವ ಗಡಿನಾಡಿನ ಮನೆಗಳು ಇದನ್ನು ನೆನೆಯಬೇಕು. ಮನೆಯಲ್ಲಿ ಮಾತು ಇದ್ದೇ ಇರುತ್ತದೆ, ಶಾಲೆ ಯಾವುದಾದರೇನು ಎಂಬ ವಾದ ಇಂದು ಬಲವಾಗಿದೆ. ಹಲವು ತಲೆಮಾರು ಮನೆಮಾತನ್ನು ಬಿಡದ ಅವಿನಾಶಿಯ ಕೇರಿಗಳಲ್ಲಿ, ಅಜ್ಜನ ಮಾತನ್ನು ಬರೆದಿಡಬಲ್ಲ ಮೊಮ್ಮಗ ಸಿಗುವುದು ಈಗ ವಿರಳ.