ರಸ್ತೆ ಬದಿ ಸಾಲು ನೋಡಿ ಬೆಳೆ ಅಳೆದಂಗೆ

ಇವತ್ತು ರಾಗಿ ವಿಷಯ ಅಲ್ಲ, ಮಗನ ವಿಷಯ. 15 ವರ್ಷ, ಆಟಿಸಂ ಇದೆ. ಮಾಸಾಶನಕ್ಕೆ ಅಂಗವಿಕಲತೆ ಪ್ರಮಾಣಪತ್ರ ಬೇಕು ಅಂತ ಕರ್ಕೊಂಡು ಹೋಗಿದ್ದೆ. ಹೆಸರು ಕೇಳಿದ್ರು, ಹೇಳಿದ. ನೂರರವರೆಗೂ ಎಣಿಸಿದ. ಹತ್ತೇ ನಿಮಿಷ. 'ಶೇ. 40 ಬರಲ್ಲ, ಹೋಗಿ' ಅಂದ್ರು.

ಬೆಳೆಹಾನಿ ಸರ್ವೆಗೆ ಬಂದವರು ಜೀಪಿಂದ ಇಳೀದೆ, ರಸ್ತೆ ಬದಿ ನಾಲ್ಕು ಸಾಲು ನೋಡಿ 'ಹಾನಿ ಇಲ್ಲ' ಅಂತ ಬರ್ಕೊಂಡ್ರೆ ಬಿಡ್ತೀವಾ? ಹೊಲದೊಳಕ್ಕೆ ಎಳ್ಕೊಂಡು ಹೋಗಿ ತೋರಿಸ್ತೀವಿ. ಮಗನ ವಿಷಯದಲ್ಲಿ ಮಾತ್ರ ನಾನು ತಲೆ ಬಗ್ಗಿಸ್ಕೊಂಡು ಬಸ್ ಹತ್ತಿದ್ದೆ. ಅದೇ ತಪ್ಪು.

ಆಟಿಸಂ ಅಳೆಯೋ 'ಐಸಾ' ಪಟ್ಟಿಯಲ್ಲಿ 40 ಅಂಶಗಳಿವೆ. ಮಗುವನ್ನ ನೋಡೋದರ ಜೊತೆಗೆ ಹೆತ್ತವರನ್ನೂ ಕೇಳಿ ತುಂಬಬೇಕು. ನನ್ನ ಹೆಂಡತೀನ ಒಂದು ಮಾತೂ ಕೇಳಲಿಲ್ಲ. ಅರ್ಹರಲ್ಲ ಅಂದ್ರೆ ಕಾರಣ ಬರವಣಿಗೇಲಿ ಕೊಡಬೇಕು. 2016ರ ಕಾಯ್ದೆಯ 59ನೇ ಕಲಂ ಪ್ರಕಾರ ಮೇಲ್ಮನವಿ ಹಾಕಬಹುದು. ಇದನ್ನ ಹೇಳಿಕೊಟ್ಟಿದ್ದು ನಮ್ಮ ಪಂಚಾಯ್ತಿಯ ಪುನರ್ವಸತಿ ಕಾರ್ಯಕರ್ತೆ.

ಈಗ ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟಗಳಲ್ಲಿ ಹೆಂಡತಿ ದಿನಾ ಬರೀತಾಳೆ: ಪಂಪ್‌ಸೆಟ್ ಶುರುವಾದ್ರೆ ಗೋಡೆಗೆ ತಲೆ ಚಚ್ಕೊಳ್ತಾನೆ. ಬಾಯಾರಿದ್ರೂ ನೀರು ಕೇಳಲ್ಲ. ಅಂಗಿ ಗುಂಡಿ ಹಾಕೋಕೆ ಬರಲ್ಲ. ಎರಡು ಸಲ ಹೈವೇಗೆ ಹೋಗಿಬಿಟ್ಟಿದ್ದ. ನೂರರವರೆಗೆ ಎಣಿಸ್ತಾನೆ, ಹೌದು. ಅಂಗಡೀಲಿ ಚಿಲ್ಲರೆ ತಗೊಂಡು ಬರಲ್ಲ.

'ಮಾತಾಡ್ತಾನಲ್ಲ, ಸುಮ್ನಿರಪ್ಪ' ಅನ್ನೋರು ನಮ್ಮೂರಲ್ಲೂ ಇದ್ದಾರೆ. ಅವರಿಗೆ ನಾನೇನೂ ಹೇಳಲ್ಲ. ಆದ್ರೆ ಇಂಥ ಮಕ್ಕಳಿರೋ ಮನೆಯವರು ಬಾಯಿಮಾತಿನ 'ಆಗಲ್ಲ' ಕೇಳಿ ವಾಪಸ್ ಬರಬೇಡಿ.

ಸೋಮವಾರ ಮತ್ತೆ ಕರೆದಿದ್ದಾರೆ. ಈ ಸಲ ಅವಳೇ ಮಾತಾಡ್ತಾಳೆ. ಮೇಲ್ಮನವಿ ಪ್ರತಿ ಬೇಕಿದ್ದೋರು ಸಂಜೆ ಡೈರಿ ಹತ್ರ ಸಿಗಿ.